ಕೆಂಪು ಕೆಟಲಿಯ ಚೀಲ

ಆ ಫಾರ್ಮಿನ ಉಳಿದ ಕಾಲಂಗಳೆಲ್ಲ ನನಗೆ ಮರೆತುಹೋಗಿವೆ. ಹನ್ನೊಂದನೆಯದು ಮಾತ್ರ ನೆನಪಿದೆ. 'ಕುಟುಂಬವು ದಿನಸಿ ಪದಾರ್ಥಗಳನ್ನು ಎಲ್ಲಿಂದ ಖರೀದಿಸುತ್ತದೆ?' ಎದುರಿಗೆ ಒಂದೂವರೆ ಇಂಚಿನಷ್ಟು ಖಾಲಿ ಜಾಗ. ಆ ಜಾಗದಲ್ಲಿ ಒಂದು ಓಣಿಯ ಅನ್ನವನ್ನೇ ನಾನು ಕಳೆಯುವುದರಲ್ಲಿದ್ದೆ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಅದುವರೆಗೆ ಸಣ್ಣಪುಟ್ಟ ಕೆಲಸಕ್ಕೂ ಧಾರವಾಡಕ್ಕೆ ಹೋಗಿಬರುತ್ತಿದ್ದ ಜನ, ಈಗ ಸಾಹೇಬರೇ ನಮ್ಮೂರಿಗೆ ಬಂದರೆಂದು ಹಿಗ್ಗಿದ್ದರು. ಸಾಹೇಬರ ಹಿಂದೆಯೇ ಫಾರ್ಮುಗಳೂ ಬಂದವು. ಬಡವರ ರೇಷನ್ ಕಾರ್ಡು ಯಾರ ಕೈಯಲ್ಲಿದೆ, ಇರಬೇಕಾದವರ ಕೈಯಲ್ಲೇ ಇದೆಯೇ ಎಂದು ಮನೆಮನೆಗೆ ಹೋಗಿ ವಿಚಾರಿಸುವ ಕೆಲಸ. ಇಂಥದ್ದು ಬಂದಾಗ ಮೊದಲು ನೆನಪಾಗುವವರು ಶಾಲೆಯವರು. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಮೂವರನ್ನು ಆರಿಸಿದರು. ಒಬ್ಬರು ಮುಂಡರಗಿ ಕಡೆ, ಒಬ್ಬರು ಶಿರಹಟ್ಟಿ ಕಡೆ. ನಾನು ಇಂಗ್ಲಿಷ್ ಟೀಚರ್, ಐವತ್ತರ ಹತ್ತಿರ ಬಂದವಳು, ಒಬ್ಬಂಟಿ; ಬಸ್ಸು ಹತ್ತಿ ದೂರ ಹೋಗುವುದು ಬೇಡವೆಂದು ಊರೊಳಗೇ ಕೊಟ್ಟರು. ಗದಗಿನ ಹೊಸ ಆಫೀಸರ್ಸ್ ಕಾಲನಿ ಮತ್ತು ಗದಗಿಗೆ ಅಂಟಿಕೊಂಡ ಬೆಟಗೇರಿಯ ಒಂದು ಮಗ್ಗದ ಓಣಿ. ಓಣಿಯಲ್ಲಿ ಹತ್ತೊಂಬತ್ತು ಮನೆ.

ಒಂದು ಮಧ್ಯಾಹ್ನ ನಮಗೆ ಟ್ರೇನಿಂಗ್ ಆಯಿತು. ನಮ್ಮ ಸೂಪರ್‌ವೈಸರು ಮೇಜಿನ ಮೇಲೆ ಫುಟ್‌ಪಟ್ಟಿ, ಕೆಂಪು ಪೆನ್ನು ಜೋಡಿಸಿಟ್ಟುಕೊಂಡು ಕೂತಿದ್ದರು.

"ಅವರು ಏನು ಹೇಳತಾರ ಅದನ್ನ ಬರೀರಿ. ನಿಮ್ಮ ತಲಿ ಓಡಸಬ್ಯಾಡ್ರಿ. ನೀಲಿ ಶಾಯಿ. ತಿದ್ದಂಗಿಲ್ಲ, ಗೀಚಂಗಿಲ್ಲ. ಬರದದ್ದನ್ನ ಗಟ್ಟಿಯಾಗಿ ಓದಿ ಹೇಳಬೇಕು, ಸಹಿ ತಗೋಬೇಕು."

ಫಾರ್ಮಿನ ಕೆಳಗೆ ಒಂದು ಸಾಲು ಅಚ್ಚಾಗಿತ್ತು: 'ಮೇಲಿನ ವಿವರಗಳನ್ನು ಓದಿ ಹೇಳಲಾಗಿದೆ.' ಅದರ ಪಕ್ಕದ ಚೌಕದಲ್ಲಿ ಟಿಕ್ ಹಾಕಬೇಕು. ಟಿಕ್ ಇಲ್ಲದ ಫಾರ್ಮು ಫಾರ್ಮೇ ಅಲ್ಲ. ಇನ್ನು ಹನ್ನೊಂದನೆಯ ಕಾಲಂ. ನ್ಯಾಯಬೆಲೆ ಅಂಗಡಿ, ಓಣಿಯ ಕಿರಾಣಿ ಅಂಗಡಿ, ಸಂತೆ ಎಂದು ಬಂದರೆ ಸರಿ. ಪರವೂರಿನ ದೊಡ್ಡ ಅಂಗಡಿ ಎಂದು ಬಂದರೆ ಅವರು ಬಡವರಲ್ಲ. ಸೂಪರ್‌ವೈಸರು ಫುಟ್‌ಪಟ್ಟಿ ಇಟ್ಟು ಕೆಂಪು ಗೆರೆ ಎಳೆಯುತ್ತಾರೆ. ಗೆರೆ ಬಿದ್ದರೆ ಕಾರ್ಡು ಹೋಯಿತು. ಅಕ್ಕಿ, ಗೋದಿ, ಸಕ್ಕರೆ, ಸೀಮೆಎಣ್ಣೆ ಎಲ್ಲ ಬಂದ್.

ಫಾರ್ಮುಗಳು ಉದ್ದನೆಯವು. ಇಟ್ಟುಕೊಳ್ಳಲು ಅವರೇನೂ ಕೊಡಲಿಲ್ಲ. ನಾನು ಮನೆಯಿಂದ ಒಂದು ಚೀಲ ತಂದೆ.

ಈ ಚೀಲದ ಬಗ್ಗೆ ಹೇಳಲೇಬೇಕು. ಹುಬ್ಬಳ್ಳಿಯಲ್ಲಿ ಒಂದು ಸ್ಟೋರ್ಸ್ ಇತ್ತು. ಜಾಮ್, ಚೀಸ್, ಡಬ್ಬಿಯ ಬಿಸ್ಕಿಟು, ನೀಲಗಿರಿಯ ಚಹಾಪುಡಿ ಸಿಗುವ ಅಂಗಡಿ. ಕಾನ್ವೆಂಟಿನ ಬೋರ್ಡಿಂಗ್‌ನಲ್ಲಿದ್ದಾಗ ಸಿಸ್ಟರ್ ನಮ್ಮನ್ನು ಸಾಲು ಹಿಡಿಸಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಲೇಡಿಯಾದವಳು ಚೌಕಾಶಿ ಮಾಡುವುದಿಲ್ಲ, ಎಲ್ಲಿ ಚೌಕಾಶಿ ಇಲ್ಲವೋ ಅಲ್ಲಿಗೇ ಹೋಗುತ್ತಾಳೆ ಎನ್ನುವುದು ಅವರ ಪಾಠ. ಆ ಅಂಗಡಿಯವರು ದಪ್ಪ ಬಿಳಿ ಕ್ಯಾನ್ವಾಸ್ ಚೀಲ ಕೊಡುತ್ತಿದ್ದರು. ಮೇಲೆ ಇಂಗ್ಲಿಷಿನಲ್ಲಿ ಹೆಸರು, ಕೆಳಗೆ ಹಬೆಯಾಡುವ ಒಂದು ಕೆಂಪು ಕೆಟಲಿಯ ಚಿತ್ರ. ನನ್ನ ಹತ್ತಿರ ಅಂಥ ಐದು ಚೀಲಗಳಿದ್ದವು, ಒಗೆದು ಇಸ್ತ್ರಿ ಮಾಡಿದವು. ಚೀಲ ಗಟ್ಟಿಯಾಗಿದೆ ಎಂದು ಅದನ್ನೇ ತಂದೆ ಎಂದುಕೊಂಡಿದ್ದೆ. ಟು ಬಿ ಆನೆಸ್ಟ್, ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು.

ಮೊದಲೆರಡು ದಿನ ಕಾಲನಿ. ಅಲ್ಲಿ ಬಡವರ ಕಾರ್ಡು ಇರಬಾರದು, ಆದರೂ ಪ್ರತಿ ಮನೆಯ ಫಾರ್ಮು ತುಂಬಬೇಕು. ಒಬ್ಬ ಆಫೀಸರರ ಹೆಂಡತಿ ನನ್ನನ್ನು ಡ್ರಾಯಿಂಗ್ ರೂಮಿನಲ್ಲಿ ಕೂರಿಸಿ ಚಹಾ ಕೊಟ್ಟರು. ಮೈಸೂರು ಕಡೆಯವರು.

"ಇಲ್ಲಿ ಏನ್ ಸಿಗುತ್ತೆ ಹೇಳಿ? ಆ ಬಜಾರ್‌ನಲ್ಲಿ ಗೋಣಿಚೀಲದ ಬಾಯಿ ತೆರೆದಿಟ್ಟಿರ್ತಾರೆ, ಎಲ್ಲರೂ ಕೈ ಹಾಕ್ತಾರೆ. ನಾವು ಎಲ್ಲಾನೂ ಹುಬ್ಬಳ್ಳಿಯಿಂದ ತರಿಸ್ತೀವಿ. ಜೀಪು ಹೇಗೂ ಹೋಗುತ್ತೆ." ಹಾಗೆನ್ನುತ್ತ ನನ್ನ ತೊಡೆಯ ಮೇಲಿದ್ದ ಚೀಲ ನೋಡಿ ಅವರ ಮುಖ ಅರಳಿತು. "ಓ, ನೀವೂ ಅಲ್ಲೇನಾ! ಕಾನ್ವೆಂಟ್‌ನವರು ಅಂತ ಮಾತಿನಲ್ಲೇ ಗೊತ್ತಾಯ್ತು ಬಿಡಿ."

"ಆಫ್‌ಕೋರ್ಸ್," ಎಂದೆ. "ಬೇರೆಲ್ಲಿ ಸಿಗುತ್ತೆ?"

ಹೊರಗೆ ಬರುವಾಗ ಹಿತ್ತಿಲ ಬಾಗಿಲಲ್ಲಿ ಅವರ ಕೆಲಸದಾಕೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಪಕ್ಕದಲ್ಲಿ ನಮ್ಮದೇ ಬಜಾರಿನ ಕಾಗದದ ಪೊಟ್ಟಣ. ನಾನು ನೋಡದವಳ ಹಾಗೆ ಬಂದೆ. ನೋಡಿದೆನೆಂದು ಹೇಳುವ ಹಕ್ಕು ನನಗೂ ಇರಲಿಲ್ಲ.

ಯಾಕೆಂದರೆ ಆ ಸ್ಟೋರ್ಸಿಗೆ ನಾನು ಹೋಗುತ್ತಿದ್ದುದು ತಿಂಗಳಿಗೊಮ್ಮೆ, ಬೆಳಗಿನ ಪ್ಯಾಸೆಂಜರ್ ಹಿಡಿದು. ತರುತ್ತಿದ್ದುದು ಒಂದು ಜಾಮ್ ಬಾಟಲಿ. ಉಳಿದ ದಿನಸಿಯೆಲ್ಲ ಬೆಟಗೇರಿಯದು. ಆ ಮಗ್ಗದ ಓಣಿಯ ಮೂಲೆಯಲ್ಲಿ ಓಣಿಯವರು ಸಾಹೇಬರು ಎನ್ನುತ್ತಿದ್ದ ಮುಸಲ್ಮಾನ ವ್ಯಾಪಾರಿಯೊಬ್ಬರ ಕಿರಾಣಿ ಅಂಗಡಿಯಿತ್ತು, ಅಲ್ಲಿಂದ. ನಮ್ಮ ಮನೆಯಿಂದ ಅಲ್ಲಿಗೆ ದೂರ. ದೂರವೆಂದೇ ಹೋಗುತ್ತಿದ್ದೆ. ಗದಗಿನ ದೊಡ್ಡ ಬಜಾರಿನಲ್ಲಿ ಪಾವಕಿಲೋ ಬೇಳೆ ಕೇಳಿದರೆ ಗುಮಾಸ್ತ ಒಮ್ಮೆ ನನ್ನ ಮುಖ ನೋಡುತ್ತಿದ್ದ, ಆಮೇಲೆ ನನ್ನ ಬೆನ್ನ ಹಿಂದೆ ನೋಡುತ್ತಿದ್ದ, ಉಳಿದವರು ಎಲ್ಲಿದ್ದಾರೆ ಎನ್ನುವಂತೆ. ಒಬ್ಬಳಿಗೆ ಕಾಲು ಕಿಲೋ ಸಾಕು ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳುವುದು ನನಗೆ ಆಗುತ್ತಿರಲಿಲ್ಲ. ಸಾಹೇಬರು ಮಾತ್ರ ಏನೂ ಕೇಳದೆ ತೂಗುತ್ತಿದ್ದರು, ಪೊಟ್ಟಣ ಕಟ್ಟುತ್ತಿದ್ದರು. ಮಧ್ಯಾಹ್ನ ಓಣಿ ಖಾಲಿಯಿರುವ ಹೊತ್ತು ನೋಡಿ ಹೋಗಿ, ಪೊಟ್ಟಣಗಳನ್ನು ಕೆಂಪು ಕೆಟಲಿಯ ಚೀಲದೊಳಗೆ ಇಳಿಸಿ, ಕೆಟಲಿ ಹೊರಗೆ ಕಾಣುವ ಹಾಗೆ ಹಿಡಿದು ಮನೆಗೆ ಬರುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆದಿತ್ತು.

ಗುರುವಾರ ಬೆಳಿಗ್ಗೆ ಓಣಿಗೆ ಹೋದೆ. ಮೊದಲ ಮನೆಯಲ್ಲಿ ಗಂಡ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದ. ಅತ್ತೆ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸೊಸೆಗೆ ಮೂವತ್ತೈದಿರಬಹುದು, ತವರು ಲಕ್ಷ್ಮೇಶ್ವರವಂತೆ. ನನ್ನನ್ನು ಕಂಡವಳೇ ಪಕ್ಕದ ಮನೆಗೆ ಓಡಿಹೋಗಿ ಒಂದು ಮಡಚುವ ಕುರ್ಚಿ ತಂದು, ಸೆರಗಿನಿಂದ ಒರೆಸಿ ಇಟ್ಟಳು.

"ಕುಂಡ್ರಿ ಅಕ್ಕಾರ. ಇಂಥಾ ಮನಿಗೆ ನೀವು ಬಂದ್ರಿ."

ಅಕ್ಕಾರು ಎಂದರೆ ನಮ್ಮ ಕಡೆ ಟೀಚರು. ಹೆಸರು, ಮನೆಯ ಜನ, ಮಗ್ಗ ಎಷ್ಟು, ಕಾರ್ಡು ಯಾರ ಹೆಸರಿನಲ್ಲಿ ಎಂದು ಒಂದೊಂದಾಗಿ ಕೇಳಿದೆ. ಕಾರ್ಡು ಸೊಸೆಯ ಹೆಸರಿನಲ್ಲಿತ್ತು. ಹನ್ನೊಂದಕ್ಕೆ ಬಂದೆ.

"ದಿನಸಿ ಎಲ್ಲಿಂದ ತರತೀರವಾ?"

ಅವಳು ನನ್ನ ಬೂಟು ನೋಡಿದಳು, ಛತ್ರಿ ನೋಡಿದಳು. ಕಣ್ಣು ತೊಡೆಯ ಮೇಲಿನ ಚೀಲಕ್ಕೆ ಬಂದು ನಿಂತಿತು.

"ನೀವು ತರೂ ಕಡೆನರಿ."

"ಅಂದ್ರ?"

"ಆ ಕೆಟಲಿ ಅಂಗಡಿರಿ, ಹುಬ್ಬಳ್ಳಿದು. ನಮ್ಮವರು ಸೀರಿ ಮುಟ್ಟಸಾಕ ಹೊಕ್ಕಾರಲ್ರಿ, ಬರುಮುಂದ ತರತಾರ."

ಕುಣಿಯೊಳಗೆ ಲಾಳಿ ನಿಂತಿತು. ಗಂಡ ತಲೆ ಎತ್ತಲಿಲ್ಲ.

"ರೇಷನ್ ಅಕ್ಕಿ?"

"ಅದನ್ನ ನಾವು ಉಣ್ಣೂದಿಲ್ರಿ. ವಾಸನಿ ಹೊಡಿತೈತಿ. ಎಮ್ಮಿಗೆ ಹಾಕತೇವಿ."

"ಎಮ್ಮಿ ಮಾರಿ ಆರ ವರ್ಷ ಆತು," ಎಂದಳು ಅತ್ತೆ ರಾಟೆಯ ಕಡೆ ನೋಡುತ್ತ.

"ಅತ್ತಿ, ನೀ ಸುಮ್ಕ ಕುಂಡ್ರು. ಅಕ್ಕಾರ, ಅವರಿಗೆ ವಯಸ್ಸಾಗೇತ್ರಿ."

ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಾಯಿತು. ಆದರೆ ಹೇಳಿದ್ದನ್ನು ಬರೆಯಬೇಕೆಂಬ ನಿಯಮ ನನ್ನ ಕೈಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಅಂಗಡಿಯ ಹೆಸರು ಬೆಟಗೇರಿಯ ಓಣಿಯಲ್ಲೂ ಗೊತ್ತಿದೆಯಲ್ಲ ಎಂಬ ಖುಷಿ, ಸ್ಟುಪಿಡ್ ಖುಷಿ, ಒಳಗೊಳಗೇ ಹಬೆಯಾಡಿತು. ಬರೆದೆ. ಗಟ್ಟಿಯಾಗಿ ಓದಿ ಹೇಳಿದೆ. ಟಿಕ್ ಹಾಕಿದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಓಣಿಯ ಮನೆಗಳದು ಒಂದೇ ಗೋಡೆ. ನಾನು ಗಟ್ಟಿಯಾಗಿ ಓದಿದ್ದು ಪಕ್ಕದ ಮನೆಗೆ ಕೇಳಿತು. ಅಲ್ಲಿ ಕೇಳಿದರೆ, "ಅವರು ತರೂ ಕಡೆನ ನಾವೂ ತರೂದ್ರಿ." ಅದರ ಮುಂದಿನ ಮನೆಯಲ್ಲಿ, "ಅವರಕಿಂತ ಮೊದಲಿಂದ ನಾವ ತರತೇವ್ರಿ." ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತರಲ್ಲಿ ಹದಿನೇಳು ಮನೆಯವರು ಹುಬ್ಬಳ್ಳಿಯ ಕೆಟಲಿ ಅಂಗಡಿಯ ಗಿರಾಕಿಗಳಾಗಿದ್ದರು. ಇಬ್ಬರು ವಯಸ್ಸಾದ ನೇಕಾರರು ಮಾತ್ರ ರೇಷನ್ ಅಂಗಡಿ, ಮೂಲೆಯ ಸಾಹೇಬರ ಅಂಗಡಿ ಎಂದು ನೇರವಾಗಿ ಹೇಳಿ ಬೀಡಿ ಹಚ್ಚಿದರು.

ಶುಕ್ರವಾರ ಫಾರ್ಮುಗಳನ್ನು ಒಪ್ಪಿಸಿದೆ. ಸೂಪರ್‌ವೈಸರು ಒಂದೊಂದನ್ನೇ ತಿರುವಿ, ಫುಟ್‌ಪಟ್ಟಿ ಇಟ್ಟು ಗೆರೆ ಎಳೆದರು.

"ಭೇಷ್ ಮೇಡಂ! ಒಂದ ಓಣಿ ಪೂರಾ ಸಾಫ್ ಮಾಡಿದ್ರಿ. ಉಳಿದವರು ಎರಡು ಮೂರು ಕಾರ್ಡು ರದ್ದು ಮಾಡಾಕ ಒದ್ದಾಡಾಕ ಹತ್ಯಾರ. ಸೋಮವಾರ ಪಟ್ಟಿ ಮ್ಯಾಲಿನ ಆಫೀಸಿಗೆ ಹೊಕ್ಕೈತಿ."

ಕೆಂಪು ಗೆರೆಗಳು ಬಹಳ ನೇರವಾಗಿದ್ದವು. ಹದಿನೇಳನ್ನೂ ಎಣಿಸಿದೆ. ಎದ್ದು ಬಂದೆ.

ಆ ಮಧ್ಯಾಹ್ನ ಮನೆಯಲ್ಲಿ ಬೇಳೆ ಮುಗಿದಿತ್ತು. ಅಂಗಡಿಗೆ ಹೋದೆ. ಸಾಹೇಬರು ತಕ್ಕಡಿ ಎತ್ತಲಿಲ್ಲ.

"ಓಣಿ ಮಂದಿ ಎಲ್ಲಾ ಹುಬ್ಬಳ್ಳಿಯಿಂದ ಕಿರಾಣಿ ತರಾಕ ಹತ್ಯಾರಂತ. ನಾ ಅಂಗಡಿ ಮುಚ್ಚಬೇಕೇನ್ರಿ ಅಕ್ಕಾರ?"

ನಾನು ನಗಲು ನೋಡಿದೆ. ಅವರು ನಗಲಿಲ್ಲ.

"ರೇಷನ್ ಅಕ್ಕಿ ಬಂದ ದಿನ ಈ ಓಣ್ಯಾಗ ಯಾರ ಮನಿ ಒಲಿನೂ ಆರೂದಿಲ್ಲ. ಅದು ನನಗ ಗೊತ್ತೈತಿ. ಆ ಅಕ್ಕಿ ಮ್ಯಾಲ ಹಾಕಿಕೊಳ್ಳಾಕ ಬ್ಯಾಳಿ ನನ್ನ ಕಡೆ ಒಯ್ತಾರ. ಅದೂ ಗೊತ್ತೈತಿ. ನಿಮ್ಮ ಚೀಲದಾಗ ಏನ ಹೊಕ್ಕೈತಿ ಅನ್ನೂದೂ ಗೊತ್ತೈತಿ. ನಾ ಯಾರಿಗೂ ಹೇಳಿಲ್ಲ, ಹೇಳಂಗೂ ಇಲ್ಲ. ವ್ಯಾಪಾರಸ್ಥನ ಬಾಯಿ ತಕ್ಕಡಿ ಇದ್ದಂಗ, ಒಂದ ಕಡೆ ವಾಲಬಾರದು. ಆದರ ಅಕ್ಕಾರ, ಆ ಚೀಲಾ ಹಿಡಕೊಂಡು ಆ ಪ್ರಶ್ನಿ ಕೇಳಬಾರದಾಗಿತ್ತು."

ಆಮೇಲೆ ಎಂದಿನಂತೆ ಪಾವಕಿಲೋ ತೂಗಿದರು. ಪೊಟ್ಟಣವನ್ನು ಚೀಲಕ್ಕೆ ಇಳಿಸಿ, ಕೆಟಲಿಯನ್ನು ಮೈಯ ಕಡೆ ತಿರುಗಿಸಿ ಹಿಡಿದುಕೊಂಡು ಬಂದೆ.

ಮನೆಗೆ ಬಂದು ಒಬ್ಬಳೇ ಕೂತೆ. ಇಂಥ ಹೊತ್ತಿನಲ್ಲಿ ಎದುರಿಗೆ ಒಬ್ಬರಿರಬೇಕು ಅನ್ನಿಸುತ್ತದೆ, ಹೀಗಾಯಿತು ನೋಡು ಎನ್ನಲಿಕ್ಕೆ. ಅಡುಗೆಮನೆಯಲ್ಲಿ ಗೂಟಕ್ಕೆ ನೇತುಹಾಕಿದ ಉಳಿದ ನಾಲ್ಕು ಕೆಟಲಿ ಚೀಲಗಳಷ್ಟೇ ಇದ್ದವು.

ಶನಿವಾರ ಬೆಳಿಗ್ಗೆ ಸೂಪರ್‌ವೈಸರ ಬಾಗಿಲಿಗೆ ಹೋಗಿ ಫಾರ್ಮು ವಾಪಸ್ ಬೇಕೆಂದೆ.

"ಸಹಿ ಆಗೇತಿ, ಗೆರಿ ಬಿದ್ದೈತಿ. ತಿದ್ದಂಗಿಲ್ಲ."

"ಅವರು ಹೇಳಿದ್ದು ಖರೆ ಅಲ್ಲರಿ."

"ಅವರು ಸುಳ್ಳು ಹೇಳಿದ್ರ ಅವರ ತಪ್ಪು. ನಿಮಗೇನಾಗೇತಿ?"

"ತಪ್ಪು ನನ್ನದು."

ಅವರು ಪೆನ್ನು ಕೆಳಗಿಟ್ಟರು. "ಹಂಗಿದ್ರ ಒಂದ ದಾರಿ ಐತಿ. ನನ್ನ ವಿಚಾರಣಿ ತಪ್ಪಾಗೇತಿ ಅಂತ ನೀವ ಬರದು ಕೊಡ್ರಿ, ಕಾರಣಾ ಸಹಿತ. ಹೊಸಾ ಫಾರ್ಮ್ ಕೊಡತೇನಿ. ಆದರ ಹೊಸಾದರಾಗ ಉತ್ತರ ಬದಲಾಗಬೇಕು, ಹೊಸಾ ಸಹಿ ಬೇಕು. ಸೋಮವಾರ ಹತ್ತರೊಳಗ. ಮತ್ತ ಮೇಡಂ, ನೀವು ಬರದದ್ದು ಫೈಲಿನಾಗ ಉಳಿತೈತಿ, ನೋಡ್ರಿ."

ಹದಿನೇಳು ಹೊಸ ಫಾರ್ಮು ತೆಗೆದುಕೊಂಡು ಮಧ್ಯಾಹ್ನ ಓಣಿಗೆ ಹೋದೆ. ಈ ಸಲ ಕೆಟಲಿ ಚೀಲ ತರಲಿಲ್ಲ, ಫಾರ್ಮುಗಳಿಗೆ ದಾರ ಕಟ್ಟಿ ಎದೆಗವಚಿಕೊಂಡಿದ್ದೆ. ಕಾರ್ಡು ಹೋಗುತ್ತದೆ, ಖರೆ ಹೇಳಿ ಎಂದು ಬಾಗಿಲು ಬಾಗಿಲಿಗೆ ಹೇಳಿದೆ. ನಾನು ಎಣಿಸಿದ ಹಾಗೆ ಆಗಲಿಲ್ಲ. ಒಬ್ಬಳು ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಹಂಗಾರ ನಾವು ಸುಳ್ಳರೇನ್ರಿ? ಮೊನ್ನೆ ಬರಕೊಂಡ ಹೋದ್ರಿ, ಇವತ್ತ ಸುಳ್ಳು ಅಂತೀರಿ."

"ಹೇಳಿದ್ದ ಹೇಳೇವಿ," ಎಂದಳು ಇನ್ನೊಬ್ಬಳು. "ಕಾರ್ಡು ಹೋದ್ರ ಹೋಗ್ಲಿ ಬಿಡ್ರಿ."

ಬಿಡ್ರಿ ಎಂದವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಮೊದಲ ಮನೆಯ ಸೊಸೆಯಂತೂ ಹೊರಗೇ ಬರಲಿಲ್ಲ. ಒಬ್ಬರೂ ಸಹಿ ಮಾಡಲಿಲ್ಲ. ದಾರವನ್ನೂ ಬಿಚ್ಚದೆ ಹದಿನೇಳು ಫಾರ್ಮು ವಾಪಸ್ ತಂದೆ.

ದಾರಿಯುದ್ದಕ್ಕೂ ಅವರ ಹಟಕ್ಕೆ ಸಿಟ್ಟು ಬಂದಿತ್ತು. ಮನೆ ಸೇರುವಷ್ಟರಲ್ಲಿ ಅದು ಇಳಿಯಿತು. ನಾನು ಅವರಿಗೆ ಖರೆ ಹೇಳಿ ಎಂದಿದ್ದೆ. ನಾನು ಹೇಳಿದ್ದೆನೇ? ಕೆಟಲಿ ಚೀಲ ಮನೆಯಲ್ಲಿ ಬಿಟ್ಟು ಹೋದದ್ದೂ ಮುಚ್ಚಿಡುವ ಇನ್ನೊಂದು ರೀತಿಯೇ ಆಗಿತ್ತು.

ಭಾನುವಾರ ಆ ಓಣಿಗೆ ನಳ ಬರುವ ದಿನ. ನೀರು ಬರುತ್ತಿದ್ದುದು ಎಷ್ಟೋ ದಿನಕ್ಕೊಮ್ಮೆ, ಆದ್ದರಿಂದ ಆ ಬೆಳಿಗ್ಗೆ ಇಡೀ ಓಣಿಯ ಹೆಂಗಸರು ಕೊಡ ಹಿಡಿದು ಮೂಲೆಯಲ್ಲಿ ಪಾಳಿ ಹಚ್ಚಿ ನಿಲ್ಲುತ್ತಿದ್ದರು. ನಳದ ಎದುರಿಗೇ ಸಾಹೇಬರ ಅಂಗಡಿ. ಹನ್ನೊಂದು ವರ್ಷ ನಾನು ತಪ್ಪಿಸಿಕೊಂಡು ಬಂದಿದ್ದು ಸರಿಯಾಗಿ ಈ ಹೊತ್ತನ್ನು.

ಫಾರ್ಮುಗಳ ಕಟ್ಟಿನ ಜೊತೆ ಕೆಂಪು ಕೆಟಲಿಯ ಚೀಲವನ್ನೂ ಹಿಡಿದುಕೊಂಡೇ ಹೋದೆ. ಅಂಗಡಿಯ ಕಟ್ಟೆ ಹತ್ತಿ ನಿಂತೆ. ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿ ನನಗುಂಟು, ಅದನ್ನೇ ತೆಗೆದೆ.

"ಸಾಹೇಬರ, ಪಾವಕಿಲೋ ತೊಗರಿಬ್ಯಾಳಿ ಕೊಡ್ರಿ."

ಪಾಳಿಯಲ್ಲಿ ಮಾತು ನಿಂತಿತು. ಸಾಹೇಬರು ನನ್ನ ಮುಖ ನೋಡಿದರು. ಮೊನ್ನೆಯಷ್ಟೇ ಬೇಳೆ ಒಯ್ದದ್ದು ಅವರಿಗೆ ಗೊತ್ತಿತ್ತು. ಅರ್ಥವಾಯಿತು, ಅವರೂ ದನಿ ಎತ್ತಿದರು.

"ಯಾವಾಗಿನಂಗನ ಏನ್ರಿ ಅಕ್ಕಾರ?"

"ಹೌದ್ರಿ. ಹನ್ನೊಂದು ವರ್ಷದಿಂದ ಒಯ್ದಂಗ. ಪಾವಕಿಲೋ ಬ್ಯಾಳಿ, ಒಂದು ಕಿಲೋ ಅಕ್ಕಿ, ಐವತ್ತು ಗ್ರಾಂ ಸಾಸಿವಿ. ಒಬ್ಬಾಕೆಗೆ ಅಷ್ಟು ಸಾಕು."

ಸಾಹೇಬರು ತೂಗಿದರು. ಪೊಟ್ಟಣಗಳನ್ನು ಒಂದೊಂದಾಗಿ ಎತ್ತಿ, ಎಲ್ಲರಿಗೂ ಕಾಣುವಂತೆ ಚೀಲದೊಳಗೆ ಇಳಿಸಿದೆ. ನಳ ಸುರಿಯುತ್ತಿತ್ತು, ಒಂದು ಕೊಡ ತುಂಬಿ ಹರಿಯತೊಡಗಿದರೂ ಯಾರೂ ಸರಿಸಲಿಲ್ಲ. ಮೊದಲು ಬಾಯಿ ತೆರೆದವಳು ಎಮ್ಮೆ ಮಾರಿದ್ದನ್ನು ಹೇಳಿದ್ದ ಆ ಅತ್ತೆ.

"ಏ ಸಾಹೇಬಾ, ನಿನ್ನ ಅಂಗಡಿ ಹುಬ್ಬಳ್ಳಿಗೆ ಯಾವಾಗ ಹೋತೋ? ಹೇಳಲೇ ಇಲ್ಲಲ್ಲೋ!"

ಪಾಳಿಗೆ ಪಾಳಿಯೇ ನಕ್ಕಿತು.

"ಹಂಗಾರ ಆ ಕೆಟಲಿ ಅಂಗಡಿಗೆ ಹೋಗೂದ ಇಲ್ಲೇನ್ರಿ ನೀವು?" ನಿನ್ನೆ ಸೊಂಟದ ಮೇಲೆ ಕೈಯಿಟ್ಟವಳು ಕೇಳಿದಳು.

"ತಿಂಗಳಿಗೊಮ್ಮೆ ರೈಲು ಹತ್ತಿ ಹೊಕ್ಕೇನವಾ. ಒಂದು ಜಾಮ್ ಬಾಟ್ಲಿ ತರತೇನಿ. ಚೀಲದ ಸಲುವಾಗಿ."

"ಅಯ್ಯ ನಮ್ಮವ್ವಾ!" ಅತ್ತೆ ಕೊಡ ಕೆಳಗಿಟ್ಟಳು. "ನಾವು ಮನ್ಯಾಗ ಕುಂತು ಪುಕ್ಕಟೆ ಸುಳ್ಳು ಹೇಳಿದ್ವಿ. ನೀವು ರೈಲಿಗೆ ಟಿಕೀಟ್ ತಗಸಿ ಹೇಳಿದ್ರಿ. ನಿಮ್ಮದ ಹೆಚ್ಚಾತಲ್ರಿ!"

ಇದಕ್ಕೆ ನನಗೂ ನಗು ಬಂತು. ನಗು ಇಳಿದ ಮೇಲೆ ಸೊಂಟದ ಮೇಲೆ ಕೈಯಿಟ್ಟಿದ್ದವಳು ಕೊಡ ತುಂಬಿಕೊಂಡು ಹತ್ತಿರ ಬಂದು, "ಬರೀರಿ ಅಕ್ಕಾರ, ರೇಷನ್ ಅಂಗಡಿ ಅಂತ," ಎಂದಳು. ಅಂಗಡಿಯ ಕಟ್ಟೆಯ ಮೇಲೇ ಕೂತೆ. ಒಬ್ಬೊಬ್ಬರೇ ಒದ್ದೆ ಕೈ ಒರೆಸಿಕೊಂಡು ಬಂದರು. ಬರೆಯುವುದು, ಗಟ್ಟಿಯಾಗಿ ಓದುವುದು, ಟಿಕ್, ಸಹಿ. ಬಿಸಿಲೇರುವಷ್ಟರಲ್ಲಿ ಹದಿನಾರು ಫಾರ್ಮು ಆದವು.

ಉಳಿದದ್ದು ಒಂದು. ಮೊದಲ ಮನೆ.

ಅವಳು ನಳಕ್ಕೆ ಅತ್ತೆಯನ್ನು ಕಳಿಸಿ ತಾನು ಬಂದಿರಲಿಲ್ಲ. ನಾನು ಹೋದಾಗ ರಾಟೆಯ ಮುಂದೆ ಕೂತಿದ್ದಳು. ಗಂಡ ಹೊರಗೆ ಹೋಗಿದ್ದ. ಈ ಸಲ ಕುರ್ಚಿ ಇರಲಿಲ್ಲ. ನಾನು ಮಗ್ಗದ ಪಕ್ಕ ನೆಲದ ಮೇಲೆ ಕೂತೆ.

"ಎಲ್ಲಾ ಕೇಳಿಸ್ತರಿ," ಎಂದಳು. "ನಗೂದೂ ಕೇಳಿಸ್ತು."

"ಮತ್ತ ನೀ ಯಾಕ ಬರಲಿಲ್ಲವಾ?"

ರಾಟೆ ನಿಲ್ಲಿಸಿದಳು. "ಒಂದ ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ನೀವು ಪಾವಕಿಲೋ ಒಯ್ದ್ರ ಮಂದಿ ಏನಂತಾರ? ಪಾಪ, ಅಕ್ಕಾರು ಸಾದಾ ಮನಶ್ಯಾಳು ಅಂತಾರ. ನಾ ಒಯ್ದ್ರ? ಇವರ ಮನ್ಯಾಗ ಏನಿಲ್ಲ ಅಂತಾರ. ನೀವು ಹೇಳಿದ್ರಿ, ನಕ್ಕರು, ಮುಗೀತು. ನಾ ಹೇಳಿದ್ದು ಹಾಳ್ಯಾಗ ಉಳಿತೈತಿ. ಬಾಯಿಬಿಟ್ಟು ಹೇಳಂದ್ರ ನನ್ನ ಕಡೆ ಆಗೂದಿಲ್ರಿ."

ಬೆಳಗಿನಿಂದ ನಾನು ಏನೋ ದೊಡ್ಡದು ಮಾಡಿದೆನೆಂದುಕೊಂಡಿದ್ದೆ. ತಿಂಗಳು ತುಂಬಿದರೆ ಪಗಾರ ಬರುವವಳ ನಾಚಿಕೆ ಅಗ್ಗದ್ದು. ಅಷ್ಟು ಹೊತ್ತು ಅದು ನನಗೆ ಹೊಳೆದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಎದ್ದು ಅಡುಗೆಮನೆಯ ಬಾಗಿಲಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದಿಟ್ಟು, ನನ್ನ ಕಡೆ ಬೆನ್ನು ಮಾಡಿ ಮತ್ತೆ ರಾಟೆಗೆ ಕೂತಳು. ಡಬ್ಬಿಯ ತಳದಲ್ಲಿ ನಾಲ್ಕು ಬೆರಳಷ್ಟು ಅಕ್ಕಿ. ಮುರುಕು, ಕೆಂಪು ಛಾಯೆಯದು, ಗೋಣಿಯ ವಾಸನೆಯದು. ರೇಷನ್ ಅಕ್ಕಿಯನ್ನು ಗುರುತಿಸಲು ಯಾರೂ ಹೇಳಿಕೊಡಬೇಕಿಲ್ಲ.

ಹೇಳಿದ್ದನ್ನು ಬರೆಯಬೇಕು, ಅವಳು ಹೇಳಲಿಲ್ಲ. ಓದಿ ಹೇಳಬೇಕು, ಗೋಡೆ ತೆಳ್ಳಗಿತ್ತು. ಇಪ್ಪತ್ತೈದು ವರ್ಷ ಮಕ್ಕಳಿಗೆ ನಿಯಮ ಹೇಳಿಕೊಟ್ಟವಳು ನಾನು, ಒಂದು ಕಾಮಾ ತಪ್ಪಿದರೆ ಅಂಕ ಕಳೆದವಳು. ಪೆನ್ನಿನ ಮುಚ್ಚಳ ತೆಗೆದೆ. ಹನ್ನೊಂದರ ಎದುರು 'ನ್ಯಾಯಬೆಲೆ ಅಂಗಡಿ' ಎಂದು ಬರೆದೆ. ಕೆಳಗಿನ ಚೌಕದಲ್ಲಿ, ಓದಿ ಹೇಳಲಾಗಿದೆ ಎಂಬಲ್ಲಿ, ಟಿಕ್ ಹಾಕಿದೆ. ಓದಲಿಲ್ಲ. ಫಾರ್ಮನ್ನು ಅವಳ ಮೊಣಕಾಲಿನ ಹತ್ತಿರ ಇಟ್ಟು ಪೆನ್ನು ಕೊಟ್ಟೆ. ಅವಳು ಮೇಲಿನ ಸಾಲುಗಳ ಕಡೆ ಕಣ್ಣು ಹಾಯಿಸದೆ, ಸಹಿಯ ಜಾಗ ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿದಳು.

ನಾನು ಏಳುವಾಗ ಕೇಳಿದಳು, "ಅಕ್ಕಾರ, ಪಾವಕಿಲೋ ಬ್ಯಾಳಿ ಒಬ್ಬಾಕೆಗೆ ಎಷ್ಟ ದಿನಾ ಬರತೈತ್ರಿ?"

ಒಂದು ವಾರದಿಂದ ನಾನು ಊರಿಗೆಲ್ಲ ಪ್ರಶ್ನೆ ಕೇಳಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ.

"ಹತ್ತು ದಿನಾ. ಒಮ್ಮೊಮ್ಮೆ ಹನ್ನೆರಡು."

"ಯಾರರ ಬಂದ್ರ?"

"ಯಾರೂ ಬರೂದಿಲ್ಲವಾ."

ಅವಳು ತಲೆಯಾಡಿಸಿದಳು, ಸಮಾಧಾನದ ಮಾತೇ ಆಡಲಿಲ್ಲ. ಆಮೇಲೆ ನನ್ನ ಕೈಯ ಚೀಲ ನೋಡಿ, ಸ್ವಲ್ಪ ನಾಚಿ, "ಅದನ್ನ ಬಿಟ್ಟ ಹೊಕ್ಕೀರೇನ್ರಿ? ನಿಮಗ ಬ್ಯಾರೆ ಅದಾವಲ್ಲ," ಎಂದಳು. ಪೊಟ್ಟಣಗಳನ್ನು ತೆಗೆದು ಚೀಲ ಕೊಟ್ಟೆ. ಫಾರ್ಮುಗಳ ದಾರದಲ್ಲೇ ಪೊಟ್ಟಣಗಳನ್ನೂ ಕಟ್ಟಿ, ಸೆರಗಿನೊಳಗೆ ಹಿಡಿದುಕೊಂಡು ಬಂದೆ.

ಸೋಮವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಹದಿನೇಳು ಫಾರ್ಮು ಒಪ್ಪಿಸಿದೆ, ಜೊತೆಗೆ ಅರ್ಧ ಪುಟದ ಪತ್ರ. 'ವಿಚಾರಣೆಯ ಸಮಯದಲ್ಲಿ ನನ್ನ ಕೈಯಲ್ಲಿದ್ದ ಚೀಲದ ಪ್ರಭಾವದಿಂದ ಉತ್ತರಗಳು ದೋಷಪೂರಿತವಾಗಿವೆ.' ಸೂಪರ್‌ವೈಸರು ಎರಡು ಸಲ ಓದಿದರು. ಮೂರನೆಯ ಸಲ ಆಫೀಸಿಗೆಲ್ಲ ಕೇಳುವಂತೆ ಓದಿದರು. ನಕ್ಕರು, ಆದರೆ ಹಳೆಯ ಫಾರ್ಮುಗಳನ್ನು ನನ್ನೆದುರಿಗೇ ಹರಿದರು. ಕಾರ್ಡುಗಳು ಉಳಿದವು. ಆ ವಾರವೇ ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಕೆಟಲಿ ಮೇಡಂ ಆಗಿತ್ತು. ರಿಟೈರ್ ಆಗುವ ತನಕ ಹಾಗೇ ಇತ್ತು.

ಮನೆಯ ಬೇಳೆ ಮುಗಿದ ದಿನ ಮತ್ತೆ ಬೆಟಗೇರಿಗೆ ಹೋದೆ. ಚೀಲ ಒಯ್ಯಲಿಲ್ಲ. ಮಧ್ಯಾಹ್ನದ ಖಾಲಿ ಹೊತ್ತನ್ನೂ ಕಾಯಲಿಲ್ಲ, ಸಂಜೆ ಶಾಲೆ ಬಿಟ್ಟ ಮೇಲೆ ನೇರವಾಗಿ ಹೋದೆ. ಬೇಳೆ ಕಟ್ಟಿಸಿಕೊಂಡು ಬರುವಾಗ ಓಣಿಯ ಬಾಯಲ್ಲಿ ಮೊದಲ ಮನೆಯ ಸೊಸೆ ಎದುರಾದಳು. ರೇಷನ್ ಬಂದಿತ್ತು. ಹೆಗಲಿಗೆ ಕೆಂಪು ಕೆಟಲಿಯ ಚೀಲ, ತುಂಬ ಅಕ್ಕಿ, ಕೆಟಲಿ ಹೊರಗೆ ಕಾಣುವ ಹಾಗೆ. ನನ್ನ ಕೈಯ ಪೊಟ್ಟಣ ನೋಡಿದಳು, ನಿಂತಳು.

"ಏನ್ರಿ ಅಕ್ಕಾರ, ಹುಬ್ಬಳ್ಳಿಯಿಂದ ಬಂದ್ರೇನ್ರಿ?"

"ಹೌದವಾ. ಈಗಷ್ಟ ರೈಲು ಇಳದೆ."

ಇಬ್ಬರೂ ನಗಲಿಲ್ಲ. ಅವಳು ತನ್ನ ದಾರಿ ಹಿಡಿದಳು.

ಹಳೆಯ ನ್ಯೂಸ್‌ಪೇಪರಿನಲ್ಲಿ ಕಟ್ಟಿದ ಪಾವಕಿಲೋ ಬೇಳೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಾನು ಗದಗಿನ ಕಡೆ ನಡೆದೆ. ದೊಡ್ಡ ಬಜಾರಿನ ನಡುವೆ ಬಂದೆ. ನನ್ನ ಬೆನ್ನ ಹಿಂದೆ ನೋಡುತ್ತಿದ್ದ ಗುಮಾಸ್ತ ಯಾರಿಗೋ ಸಕ್ಕರೆ ತೂಗುತ್ತಿದ್ದ. ನಮ್ಮ ಹೆಡ್‌ಮಿಸ್ಟ್ರೆಸ್ ರಿಕ್ಷಾದಲ್ಲಿ ಹೋದರು, ಕೈ ಬೀಸಿದರು. ಕಾಲನಿಯ ತಿರುವಿನಲ್ಲಿ ಆ ಆಫೀಸರರ ಹೆಂಡತಿ ಗೇಟಿನ ಬಳಿ ನಿಂತಿದ್ದರು. ಪೊಟ್ಟಣವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಅವರ ಮುಂದೆಯೇ ಹಾದೆ. "ಮಳೆ ಬರುತ್ತೆ ಅನ್ಸುತ್ತೆ, ಅಲ್ವಾ?" ಎಂದು ಆಕಾಶ ನೋಡಿದರು, ಒಳಗೆ ಹೋದರು.

ಮನೆ ಮುಟ್ಟಿ ಬೀಗ ತೆಗೆದೆ. ಅಷ್ಟು ದೂರದ ದಾರಿಯಲ್ಲಿ ನನ್ನ ಕೈಯಲ್ಲಿ ಏನಿದೆ ಎಂದು ಒಬ್ಬರೂ ನೋಡಿರಲಿಲ್ಲ.